ನಾಲ್ಕು ಸಾವಿರದ ಲೆಕ್ಕ

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದಲ್ಲಿ ದುಡಿಯುತ್ತಿದ್ದ 4,000 ಯಹೂದಿಗಳು ಕೆಲಸಕ್ಕೇ ಬಂದಿರಲಿಲ್ಲವಂತೆ! ಈ 'ಅಂತೆ'ಯನ್ನು ನಾವೂ ಈಮೇಲ್‌ನಲ್ಲಿ ಓದಿದೆವು, ಇತರರಿಗೂ ದಾಟಿಸಿದೆವು.

ಸಂಖ್ಯೆ ಬಂದದ್ದೆಲ್ಲಿಂದ? ದಾಳಿಯ ವೇಳೆ ಆ ಪರಿಸರಗಳಲ್ಲಿ ಇದ್ದಿರಬಹುದಾದ 4,000 ಇಸ್ರೇಲಿಗಳ ಹೆಸರು ತಮ್ಮ ವಿದೇಶಾಂಗ ಇಲಾಖೆಗೆ ಬಂದಿದೆಯೆಂದು 'ಜೆರುಸಲೇಂ ಪೋಸ್ಟ್' ಬರೆದಿತ್ತು. ಸೆಪ್ಟೆಂಬರ್ 17ರಂದು ಹಿಜ್ಬುಲ್ಲಾದ ಅಲ್ ಮನಾರ್ ವಾಹಿನಿಯಲ್ಲಿ ಅದೇ ಅಂಕಿ ಗೈರುಹಾಜರಾದವರದ್ದಾಯಿತು. ಇಸ್ರೇಲಿ ಹೋಗಿ ಯಹೂದಿ ಬಂದ. ಆತಂಕ ಹೋಗಿ ಸಂಚು ಬಂತು. ವಾಸ್ತವದಲ್ಲಿ ಸತ್ತವರಲ್ಲಿ ನೂರಾರು ಯಹೂದಿಗಳಿದ್ದರು.

ಸರಕಾರಗಳನ್ನು ಶಂಕಿಸಬಾರದೆಂದಲ್ಲ. ಇರಾಕಿನ ಸಾಮೂಹಿಕ ವಿನಾಶದ ಅಸ್ತ್ರಗಳ ಕಥೆ ಪೊಳ್ಳೆಂದು 2004ರಲ್ಲಿ ಅಮೆರಿಕದ್ದೇ ಶೋಧ ತಂಡ ವರದಿ ಕೊಟ್ಟಿತು. ಆದರೆ ಅದು ಹುಡುಕಿ ಕಂಡದ್ದು, ಕೇಳಿ ನಂಬಿದ್ದಲ್ಲ.

ಅದೇ ನ್ಯೂಯಾರ್ಕಿನಲ್ಲಿ ದಾಳಿಯ ದಿನ ಸಲ್ಮಾನ್ ಹಮ್ದಾನಿ ಎಂಬ ಪಾಕಿಸ್ತಾನ ಮೂಲದ ಪೊಲೀಸ್ ಕೆಡೆಟ್ ಕಾಣೆಯಾದ. ಆತನೂ ಉಗ್ರರ ಜೊತೆಗಾರನಿರಬೇಕೆಂಬ ಗುಸುಗುಸು ಹಬ್ಬಿತು. 2002ರ ಮಾರ್ಚಿನಲ್ಲಿ, ಕುಸಿದ ಕಟ್ಟಡದ ರಾಶಿಯಲ್ಲಿ ಸಿಕ್ಕ ಅವಶೇಷಗಳಿಂದ ಆತನ ಗುರುತಾಯಿತು. ಗಾಯಾಳುಗಳ ನೆರವಿಗೆ ಧಾವಿಸಿದ್ದ ಹುಡುಗ ಆತ. ಇದನ್ನೋದಿ ಕುದಿದ ನಾವು ನಾಲ್ಕು ಸಾವಿರದ ಆ ಈಮೇಲನ್ನು ಮಾತ್ರ ಇನ್ನೂ ಅಳಿಸಿರಲಿಲ್ಲ.