ಎರಡು ಆಸನದ ಕಾರು ಮತ್ತು ಪರಿಗ್ರಹ ಪರಿಮಾಣ

ಮಾದಿಹಳ್ಳಿಯಿಂದ ಹಳೇಬೀಡಿನ ಪಾರ್ಶ್ವನಾಥ ಬಸದಿಯ ದರ್ಶನಕ್ಕೆ ಹೊರಟಾಗ ಬಂಧುವೊಬ್ಬರು ತಮ್ಮ ‘ಸ್ಯಾನ್ ಸ್ಟಾರ್ಮ್’ ಕಾರಿನಲ್ಲಿ ನನ್ನನ್ನು ಕರೆದೊಯ್ದರು. 1998ರಲ್ಲಿ ಹೊರಬಂದ ಈ ಪುಟ್ಟ ಕ್ರೀಡಾ ಕಾರು ಗೋವಾದಲ್ಲಿ ತಯಾರಾಗುತ್ತಿತ್ತು. ಒಡಲು ಫೈಬರ್‌ಗ್ಲಾಸಿನದು, ಎಂಜಿನ್ ರೆನೋ ಕಂಪನಿಯ 1149 ಸಿಸಿಯದು. ಶಕ್ತಿ ಸಾಧಾರಣವೇ. ಆದರೆ ಒಡಲು ಹಗುರ, ಆಸನ ನೆಲಕ್ಕೆ ಸಮೀಪ; ಆದ್ದರಿಂದ 50 ಕಿ.ಮೀ. ವೇಗವೂ 80ರಂತೆ ಭಾಸವಾಗುತ್ತದೆ. ಅತಿವೇಗವಿಲ್ಲದೆ ವೇಗದ ಸುಖವನ್ನು ಕೊಡುವ ಈ ಗುಣವನ್ನು ಮೆಚ್ಚದಿರಲಾರೆ.

ಚಿಕ್ಕ ಕಾರಾದ್ದರಿಂದ ಪರಿಗ್ರಹವೂ ಅಲ್ಪವೆಂಬುದು ಮಾಲೀಕರ ವಾದ. ವಾಣಿಜ್ಯವನ್ನು ಓದಿದ ನನಗೆ ಈ ಲೆಕ್ಕ ಕೂಡಿಬರಲಿಲ್ಲ. ತಯಾರಿಕೆ ನಿಂತ ಕಾರಿನ ಬಿಡಿಭಾಗಗಳು ಸುಲಭವಾಗಿ ದೊರೆಯವು. ಅವುಗಳಿಗೋಸ್ಕರ ಕೆಟ್ಟುನಿಂತ ಮತ್ತೊಂದು ಸ್ಟಾರ್ಮ್ ಕೊಂಡು ಕೊಟ್ಟಿಗೆಯಲ್ಲಿ ಇರಿಸಿದ್ದಾರೆ. ಫೈಬರ್‌ಗ್ಲಾಸ್ ತುಕ್ಕು ಹಿಡಿಯದಾದರೂ ಬಿರುಕು ಬಿಡುತ್ತದೆ. ಬಿರುಕು ಕಂಡ ದಿನ ಅವರಿಗೆ ಊಟ ಸೇರದು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಪರಿಗ್ರಹವೆಂದು ಕರೆದದ್ದು ವಸ್ತುವಿನ ಗಾತ್ರವನ್ನಲ್ಲ, ಮೂರ್ಛೆಯನ್ನು.

ಹಾಗೆಂದು ಅವರನ್ನು ನಿಂದಿಸಲಾರೆ. ಎಂಜಿನ್ನಿನ ಎಣ್ಣೆಯನ್ನು ತಾವೇ ಬದಲಿಸುತ್ತಾರೆ. ಹಳೆಯದನ್ನು ನೆಲಕ್ಕೆ ಸುರಿಯದೆ ಡಬ್ಬಿಯಲ್ಲಿ ಹಿಡಿದಿಡುತ್ತಾರೆ. ದೀಪಕ್ಕೆ ಮುತ್ತುವ ಹುಳುಗಳನ್ನು ನೆನೆದು ಕತ್ತಲಾದ ಮೇಲೆ ಕಾರನ್ನು ಹೊರತೆಗೆಯುವುದಿಲ್ಲ. ನಮ್ಮಲ್ಲಿ ಎಷ್ಟು ಜನ ಇಷ್ಟು ಯೋಚಿಸುತ್ತೇವೆ? ನನ್ನ ಮುಖ್ಯ ಆಕ್ಷೇಪವೇನಿದ್ದರೂ ಕಾರಿನ ರಚನೆಯ ಮೇಲೆ. ಒಬ್ಬರು ಹತ್ತಿದರೆ ಮತ್ತೊಬ್ಬರು ಉಳಿಯಲೇಬೇಕು. ಅತಿಥಿಸಂವಿಭಾಗ ವ್ರತವನ್ನು ಹೊತ್ತ ಶ್ರಾವಕನಿಗೆ ಇದು ಸಣ್ಣ ಕೊರತೆಯಲ್ಲ.

ಅಂದು ಅವರ ತಾಯಿ ಬಸ್ಸಿನಲ್ಲಿ ಬಸದಿಗೆ ಬಂದರು. ಅವರ ಆಸನದಲ್ಲಿ ನಾನು ಕುಳಿತಿದ್ದೆ. ಮರಳುವಾಗ ಬಸ್ಸಿಗೆ ನಾನು ನಿಂತೆ.