ರಿಪೋರ್ಟಿನಲ್ಲಿ ಇಲ್ಲದ ನೋವು

ನಮ್ಮ ಕನ್ನಡ ಕಾದಂಬರಿಗಳ ನಾಯಕಿಯರಿಗೆ ಯಾವ ಯಾವ ಕಾಯಿಲೆ ಬರುತ್ತವೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಹಳೆಯ ಕಾದಂಬರಿಗಳಲ್ಲಿ ಕ್ಷಯ. ಆಮೇಲೆ ಕ್ಯಾನ್ಸರು, ಹೃದ್ರೋಗ. ಹೆರಿಗೆಯಲ್ಲಿ ತೀರಿಕೊಂಡವರಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಪ್ರೇಮ ಮುರಿದರೆ ಒಂದು ಜ್ವರ. ಅದು ನಾಲ್ಕು ಪುಟ ನಡೆದು, ಕಥೆಗೆ ಬೇಕಾದ ಹೊತ್ತಿಗೆ ಸರಿಯಾಗಿ ಇಳಿಯುತ್ತದೆ. ಆದರೆ ಬೆಳಿಗ್ಗೆ ಏಳುವಾಗಲೇ ಮೈಯೆಲ್ಲ ಹಿಡಿದುಕೊಂಡು, ಹಾಲಿನ ಪಾತ್ರೆ ಎತ್ತಲಾಗದೆ, ಸಾಯುವುದೂ ಇಲ್ಲದೆ ಗುಣವಾಗುವುದೂ ಇಲ್ಲದೆ ಇಪ್ಪತ್ತು ವರ್ಷ ಅಡುಗೆ ಮಾಡಿದ ನಾಯಕಿ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಓದಿದಷ್ಟರಲ್ಲಿ ಮೈಕೈ ನೋವು ಎಂದರೆ ಅತ್ತೆಯ ಗೊಣಗಾಟ, ಇಲ್ಲವೇ ಸೊಸೆಯ ನೆಪ.

ನನಗಿರುವುದು ಫೈಬ್ರೊಮಯಾಲ್ಜಿಯ. ರೂಪನಗುಡಿಯಲ್ಲಿ ಈ ಹೆಸರು ಹೇಳಿದರೆ ಹೊಲಕ್ಕೆ ಹೊಡೆಯುವ ಹೊಸ ಔಷಧಿ ಎಂದುಕೊಳ್ಳುತ್ತಾರೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ, ಹಾಗೆ ಕೇಳಿಸಿದರೆ ಆಶ್ಚರ್ಯವಿಲ್ಲ. ಈ ಹೆಸರಾದರೂ ಸಿಗಬೇಕಾದರೆ ಐದು ವರ್ಷ, ನಾಲ್ಕು ಮಂದಿ ಡಾಕ್ಟರು, ಒಂದು ಚೀಲದ ತುಂಬ ಎಕ್ಸ್‌ರೇ ಬೇಕಾಯಿತು. ಪ್ರತಿ ಸಲವೂ ಕೊನೆಗೆ ಬರುತ್ತಿದ್ದ ಮಾತು ಒಂದೇ: "ರಿಪೋರ್ಟೆಲ್ಲ ನಾರ್ಮಲ್ ಇದೆಯಮ್ಮ, ನಿಮಗೇನೂ ಇಲ್ಲ." ಇದರಲ್ಲಿ ಎರಡು ಮಾತುಗಳಿವೆ. ರಿಪೋರ್ಟಿನಲ್ಲಿ ಏನೂ ಇಲ್ಲ ಎನ್ನುವುದು ಕಾಗದದ ಸುದ್ದಿ, ಅದು ನಿಜ. ನಿಮಗೇನೂ ಇಲ್ಲ ಎನ್ನುವುದು ತೀರ್ಪು. ನನ್ನ ತಕರಾರು ಆ ತೀರ್ಪಿನ ಮೇಲೆ, ಮತ್ತು ಅದನ್ನು ಅಷ್ಟು ಸುಲಭವಾಗಿ ಒಪ್ಪಿಕೊಂಡ ನಮ್ಮ ಪುಸ್ತಕಗಳ ಮೇಲೆ.

ತ್ರಿವೇಣಿಯವರಿಂದಲೇ ಶುರು ಮಾಡಬೇಕು. ಅವರ 'ಶರಪಂಜರ' ಓದದ, ಇಲ್ಲವೇ 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿ ಅಳದ ಹೆಂಗಸರು ನನ್ನ ವಯಸ್ಸಿನವರಲ್ಲಿ ಕಡಿಮೆ. ಮನಸ್ಸಿಗೆ ಬರುವ ರೋಗವೂ ರೋಗವೇ, ಅದು ದೆವ್ವವೂ ಅಲ್ಲ, ಸೊಕ್ಕೂ ಅಲ್ಲ ಎಂದು ನಮ್ಮ ತಾಯಂದಿರಿಗೆ ಮನೆಯೊಳಗೇ ಬಂದು ತಿಳಿಹೇಳಿದವರು ತ್ರಿವೇಣಿ. ಅದು ಸಣ್ಣ ಉಪಕಾರವಲ್ಲ. ಆದರೆ ಆ ಕಥೆಯನ್ನು ನನ್ನ ಈಗಿನ ಮೈಯಿಟ್ಟುಕೊಂಡು ಓದಿದಾಗ ನನಗೆ ಕಾಣುವುದು ಹುಚ್ಚಿನ ಭಾಗಕ್ಕಿಂತ ಹೆಚ್ಚಾಗಿ ಕಾವೇರಿ ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲಿನ ಭಾಗ. ಅವಳಿಗೆ ಗುಣವಾಗಿದೆ, ನಂಬುವವರಿಲ್ಲ. ಒಂದು ಲೋಟ ಕೈಜಾರಿದರೂ ಎಲ್ಲರೂ ಮುಖ ಮುಖ ನೋಡಿಕೊಳ್ಳುವಂಥ ಮನೆ ಅದು. ನನ್ನದು ತಿರುಗಾಮುರುಗಾ ಆದ ಕಥೆ. ಗುಣವಾಗಿಲ್ಲ, ನಂಬುವವರಿಲ್ಲ. ಹೆಂಗಸಿನ ಮೈಯಲ್ಲಿ ಏನಾಗಿದೆ ಎನ್ನುವುದನ್ನು ಆಕೆಯ ಹೊರತು ಉಳಿದವರೆಲ್ಲ ಸೇರಿ ನಿರ್ಧರಿಸುವ ಪದ್ಧತಿ ಮಾತ್ರ ಎರಡೂ ಕಡೆ ಒಂದೇ.

ನನಗೆ ರಾತ್ರಿ ನಿದ್ದೆಗೆ, ನೋವಿಗೆ ಎಂದು ಸಣ್ಣ ಪ್ರಮಾಣದಲ್ಲಿ ಅಮಿಟ್ರಿಪ್ಟಿಲಿನ್ ಗುಳಿಗೆ ಬರೆದುಕೊಟ್ಟರು. ದೊಡ್ಡ ಪ್ರಮಾಣದಲ್ಲಿ ಅದನ್ನು ಖಿನ್ನತೆಗೂ ಕೊಡುತ್ತಾರೆ. ಔಷಧಿ ಅಂಗಡಿಯಿಂದ ಆ ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಮಗಳನ್ನು ನೋಡಲು ಬರುವ ದಿನ ನಾದಿನಿ ಮೆಲ್ಲಗೆ ಹೇಳಿದಳು, "ಅತ್ತಿಗೀ, ಗಂಡಿನ ಕಡೆಯೋರು ಬರ್ತಾರ. ಆ ಗುಳಿಗಿ ಚೀಟಿ ಬೀರುದಾಗ ಇಡ್ರಿ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಚೀಟಿ ಬೀರುವಿನೊಳಗೆ ಹೋಯಿತು. 'ಶರಪಂಜರ' ಬಂದು ಅಷ್ಟು ದಶಕಗಳಾಗಿದ್ದವು, ನೋಡಿ.

ರಿಪೋರ್ಟಿಲ್ಲದೆ ಯಾರ ನೋವನ್ನೂ ನಂಬುವುದು ಹೇಗೆ ಎಂದು ಕೇಳುವವರಿಗೆ ನಾನು 2006ನೇ ಇಸವಿಯನ್ನು ನೆನಪಿಸುತ್ತೇನೆ. ಆ ವರ್ಷ ಚಿಕೂನ್‌ಗುನ್ಯ ಬಂತು. ಇಡೀ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು. ಬಳ್ಳಾರಿ, ರಾಯಚೂರು, ಗುಲ್ಬರ್ಗಾ ಕಡೆಯೆಲ್ಲ ಊರೂರೇ ಮಲಗಿದವು. ಆ ಹೆಸರು ಆಫ್ರಿಕದ ಮಾಕೊಂಡೆ ಭಾಷೆಯದು, ಬಗ್ಗಿಸಿಬಿಡುವಂಥದ್ದು ಎಂದು ಅರ್ಥ. ನಮ್ಮ ಜನ ಅದನ್ನು 'ಚಿಕನ್ ಗುನ್ಯ' ಮಾಡಿ ಪಾಪದ ಕೋಳಿಯನ್ನು ದೂರಿದರು. ಗೋಡೆ ಹಿಡಿದು ನಡೆಯುವ ಗಂಡಸರು, ಚಹಾದ ಲೋಟ ಎರಡು ಕೈಯಲ್ಲಿ ಹಿಡಿಯುವ ಗಂಡಸರು, ಕಟ್ಟೆಯ ಮೇಲೆ ಕೂತರೆ ಏಳಲಾಗದ ಗಂಡಸರು! ನಮ್ಮ ಓಣಿಯಲ್ಲಿ ಒಬ್ಬರಾದರೂ ರಕ್ತ ಪರೀಕ್ಷೆ ಮಾಡಿಸಿದ್ದು ನನಗೆ ಗೊತ್ತಿಲ್ಲ. ಆದರೂ ಒಬ್ಬರೂ ಇನ್ನೊಬ್ಬರಿಗೆ "ನಿನಗೇನೂ ಇಲ್ಲ" ಅನ್ನಲಿಲ್ಲ. "ನಿಮ್ಮನೆಯಾಗ ಎಷ್ಟು ಮಂದಿಗೆ ಬಂತು?" ಎಂದು ಕೇಳುತ್ತಿದ್ದರು, ಅಷ್ಟೆ. ಆ ವರ್ಷ ನಂಬಿಕೆಗೆ ಕಾಗದ ಬೇಕಾಗಿರಲಿಲ್ಲ. ನೋವು ಗಂಡಸರಿಗೂ ಬಂದಿತ್ತು.

ಜ್ವರ ಇಳಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋವು ಉಳಿಯಿತು. ಇಂಥ ಸೋಂಕು, ಅಪಘಾತ, ಶಸ್ತ್ರಚಿಕಿತ್ಸೆ, ಬಹುಕಾಲದ ಮಾನಸಿಕ ಆಘಾತ, ಇವೆಲ್ಲ ಫೈಬ್ರೊಮಯಾಲ್ಜಿಯಕ್ಕೆ ಕಿಡಿ ಹಚ್ಚಬಲ್ಲವು ಎಂದು ವೈದ್ಯರು ಹೇಳುತ್ತಾರೆ. ಒಂದೇ ಕಾರಣ ಎಂದು ಬೊಟ್ಟು ಮಾಡುವಂತಿಲ್ಲ. ಆದರೆ 'ಕಾರಣ ಪೂರ್ತಿ ತಿಳಿದಿಲ್ಲ' ಎನ್ನುವುದಕ್ಕೂ 'ಕಾರಣವೇ ಇಲ್ಲ' ಎನ್ನುವುದಕ್ಕೂ ವ್ಯತ್ಯಾಸವಿದೆಯಷ್ಟೆ. 2002ರಲ್ಲಿ ಅಮೆರಿಕದಲ್ಲಿ ರೋಗಿಗಳ ಹೆಬ್ಬೆರಳಿನ ಉಗುರನ್ನು ಒತ್ತುತ್ತ ಮಿದುಳಿನ ಚಿತ್ರ ತೆಗೆದರು. ಬೇರೆಯವರಿಗೆ ಬರೀ ಒತ್ತಿದಂತೆ ಅನಿಸುವಷ್ಟಕ್ಕೇ ಈ ರೋಗಿಗಳ ಮಿದುಳಿನಲ್ಲಿ ನೋವಿನ ಜಾಗಗಳು ಎದ್ದು ಕಂಡವು. ಜಾತ್ರೆಯ ಮೈಕ್ ಸೆಟ್ಟಿನವನು ಗುಂಡಿ ಪೂರ್ತಿ ತಿರುವಿಟ್ಟು ಊಟಕ್ಕೆ ಹೋದಂತೆ ನಮ್ಮ ನರಮಂಡಲ. ಪಿಸುಮಾತೂ ಕಿವಿಗಡಚಿಕ್ಕುತ್ತದೆ.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. 2021ರಲ್ಲಿ ಇಂಗ್ಲೆಂಡಿನ ಸಂಶೋಧಕರು ಫೈಬ್ರೊಮಯಾಲ್ಜಿಯ ಇರುವವರ ರಕ್ತದಿಂದ ಪ್ರತಿಕಾಯಗಳನ್ನು ತೆಗೆದು ಇಲಿಗಳಿಗೆ ಚುಚ್ಚಿದರು. ಇಲಿಗಳಿಗೆ ಒತ್ತಿದರೆ ನೋವು, ತಣ್ಣಗಾದರೆ ನೋವು, ಹಿಡಿತದ ಶಕ್ತಿ ಕಡಿಮೆ. ಆರೋಗ್ಯವಂತರ ರಕ್ತದ್ದನ್ನು ಚುಚ್ಚಿಸಿಕೊಂಡ ಇಲಿಗಳು ಆರಾಮಾಗಿದ್ದವು. ಇದೇ ಕಾರಣವೆಂದು ಇನ್ನೂ ತೀರ್ಮಾನವಾಗಿಲ್ಲ. ಆದರೂ ಇಲಿಗೆ ಅತ್ತೆಯಿಲ್ಲ, ನಾದಿನಿಯಿಲ್ಲ, ಕೆಲಸ ತಪ್ಪಿಸಿಕೊಳ್ಳುವ ಹಂಚಿಕೆಯೂ ಇಲ್ಲ ಎನ್ನುವುದನ್ನು ಮಾತ್ರ ಗಮನಿಸಬೇಕು.

ನಿದ್ದೆಯ ವಿಷಯವನ್ನು ಹೇಳದೆ ಬಿಡಲಾರೆ. 1975ರಷ್ಟು ಹಿಂದೆಯೇ ಕೆನಡಾದ ಮೊಲ್ಡೊಫ್ಸ್ಕಿ ಎಂಬ ವೈದ್ಯರು ಆರೋಗ್ಯವಂತರ ಗಾಢನಿದ್ದೆಯನ್ನು ಸದ್ದು ಮಾಡಿ ಕೆಡಿಸುತ್ತ ಹೋದಾಗ, ಕೆಲವೇ ದಿನಗಳಲ್ಲಿ ಅವರಿಗೂ ಮೈನೋವು ಶುರುವಾಯಿತು. ನಮ್ಮ ಕಡೆ ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು, ಪಂಪ್‌ಸೆಟ್ಟಿನ ಕರೆಂಟು ಬರುವ ಹೊತ್ತಿಗೆ ಗಂಡನನ್ನು ಎಬ್ಬಿಸಿ, ಕೂಸು ಅತ್ತಾಗ ಎದ್ದು, ಮುದುಕರು ಕೆಮ್ಮಿದಾಗ ಎದ್ದು, ಇಡೀ ರಾತ್ರಿ ಒಂದು ಕಿವಿ ತೆರೆದೇ ಮಲಗುವವಳು ಮನೆಗೊಬ್ಬಳಾದರೂ ಇದ್ದಾಳೆ.

ಇನ್ನು ಪತ್ರಿಕೆಗಳ ಆರೋಗ್ಯ ಪುಟಗಳು. ಈ ಪ್ರಕಾರಕ್ಕೆ ಕನ್ನಡದಲ್ಲಿ ದಾರಿ ಹಾಕಿದವರಲ್ಲಿ ಡಾ. ಅನುಪಮಾ ನಿರಂಜನ ದೊಡ್ಡವರು. 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು', 'ತಾಯಿ ಮಗು', ಈ ಹೆಸರುಗಳನ್ನು ಸಾಲಾಗಿಟ್ಟು ನೋಡಿ: ಹುಡುಗಿ, ಮದುಮಗಳು, ತಾಯಿ. ಈ ರೋಗದ ಮಟ್ಟಿಗೆ ಅವರನ್ನು ದೂರುವುದು ಅನ್ಯಾಯ. ಮೈಮೇಲಿನ ಹದಿನೆಂಟು ಜಾಗಗಳಲ್ಲಿ ಹನ್ನೊಂದು ಕಡೆ ಒತ್ತಿದರೆ ನೋಯಬೇಕು ಎಂಬ ಅಳತೆಗೋಲನ್ನು ಅಮೆರಿಕದ ತಜ್ಞರ ಸಂಘ ಒಪ್ಪಿದ್ದೇ 1990ರಲ್ಲಿ, ಅವರು ತೀರಿಕೊಂಡದ್ದು 1991ರಲ್ಲಿ. 2010ರಲ್ಲಿ ಒತ್ತಿ ನೋಡುವ ಆ ಪದ್ಧತಿ ಕಡ್ಡಾಯವಲ್ಲವೆಂದು, ರೋಗಿಯ ನೋವು, ದಣಿವು, ನಿದ್ದೆ, ಮರೆವು ಎಲ್ಲವನ್ನೂ ಕೇಳಿ ಬರೆದುಕೊಳ್ಳಬೇಕೆಂದು ಹೊಸ ಕ್ರಮ ಬಂತು. ಅಂದರೆ, ಆಕೆಯ ಮಾತೇ ರಿಪೋರ್ಟು! ನನ್ನ ದೂರು ಅನುಪಮಾ ಅವರ ನಂತರ ಬರೆದವರ ಮೇಲೆ. ಒತ್ತಡ ಕಡಿಮೆ ಮಾಡಿಕೊಳ್ಳಿ, ಒಳ್ಳೆಯದನ್ನೇ ಯೋಚಿಸಿ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಥೈರಾಯ್ಡ್, ವಿಟಮಿನ್ ಡಿ ನೋಡಿಸಿ ಎನ್ನುವುದಿಲ್ಲ. ನೀರಿನ ಫ್ಲೋರೈಡಿನಿಂದಲೂ ಕೀಲು, ಬೆನ್ನು ಬಿಗಿಯುತ್ತವೆ, ನಮ್ಮ ಜಿಲ್ಲೆಯಲ್ಲಿ ಅದನ್ನೂ ಮರೆಯಬಾರದು ಎನ್ನುವುದಿಲ್ಲ.

ಅವರ ಒಂದು ಸಲಹೆ ಮಾತ್ರ ಸರಿ: ನಡೆಯಿರಿ. ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗುವ ವ್ಯಾಯಾಮಕ್ಕಿಂತ ಗಟ್ಟಿಯಾದ ಆಧಾರವುಳ್ಳ ಚಿಕಿತ್ಸೆ ಈ ರೋಗಕ್ಕಿಲ್ಲ. ಆದರೆ ಬರೆದವರು ಊರುಗಳಲ್ಲಿ ಬರಿಗೈಲಿ ನಡೆಯುವ ಹೆಂಗಸನ್ನು ನೋಡಿದ್ದಾರೆಯೇ? ತಲೆಯ ಮೇಲೆ ಹೊರೆ ಇದ್ದರೆ ಯಾರೂ ಏನೂ ಕೇಳುವುದಿಲ್ಲ. ಸುಮ್ಮನೆ ನಡೆದರೆ ಹತ್ತು ಮನೆಯವರು "ಎಲ್ಲಿಗ್ಹೊಂಟ್ರಿ?" ಅನ್ನುತ್ತಾರೆ. ನಾನು ಒಂದು ಖಾಲಿ ಕೈಚೀಲ ಹಿಡಿದುಕೊಂಡು ಹೋಗುತ್ತೇನೆ.

ನೋವನ್ನು ಒಂದರಿಂದ ಹತ್ತರೊಳಗೆ ಎಷ್ಟು ಅಂತ ಹೇಳಿ ಎಂದು ಈಗಿನ ಡಾಕ್ಟರು ಕೇಳುತ್ತಾರೆ. ಪರೀಕ್ಷೆಯ ಅಂಕದಂತೆ ನಾನು ಆರು, ಏಳು ಅನ್ನುತ್ತೇನೆ. ಆದರೆ ನಮ್ಮ ಹೆಂಗಸರ ಬಾಯಲ್ಲಿ ನೋವಿಗೆ ಲೆಕ್ಕಕ್ಕಿಂತ ಜಾತಿಗಳು ಹೆಚ್ಚು. ಸೆಳೆತ ಬೇರೆ, ಚಳುಕು ಬೇರೆ. ಜೋಮು ಬೇರೆ, ಉರಿ ಬೇರೆ, ಹಿಡಿತ ಬೇರೆ. ಪಕ್ಕದ ಮನೆಯ ತೆಲುಗಿನವರು 'ಒಳ್ಳು ನೊಪ್ಪುಲು' ಎಂದು ಬಹುವಚನದಲ್ಲೇ ಹೇಳುತ್ತಾರೆ, ಮೈಯಲ್ಲಿ ನೋವುಗಳು ಎಂದು. ಇವನ್ನೆಲ್ಲ ಒಟ್ಟುಗೂಡಿಸಿ 'ಸ್ನಾಯು ನೋವು' ಎಂದು ಬರೆಯುವ ಪುಸ್ತಕಕ್ಕೆ ಅರ್ಧ ರೋಗ ಕೇಳಿಸಿಯೇ ಇರುವುದಿಲ್ಲ.

ತಾಯಿಗೆ ಅಕ್ಕತಂಗಿಯರಿಗೆ ಇದ್ದರೆ ಈ ಕಾಯಿಲೆ ಬರುವ ಸಂಭವ ಹೆಚ್ಚು ಎಂದು ಓದಿದ್ದೇನೆ. ಹೋದ ತಿಂಗಳು ಮಗಳು ಫೋನ್ ಮಾಡಿ, ಬೆಳಿಗ್ಗೆ ಏಳುವಾಗ ಭುಜ ಎತ್ತಲಾಗುತ್ತಿಲ್ಲ, ಮನೆಯಲ್ಲಿ ಯಾರಿಗೂ ಹೇಳಿಲ್ಲ ಎಂದಳು. ಆರಾಮಾಗುತ್ತದೆ ಬಿಡು ಎಂದು ನಾನು ಹೇಳಲಿಲ್ಲ. "ಸೆಳೀತದೋ, ಚಳುಕು ಹೊಡೀತದೋ?" ಎಂದು ಕೇಳಿದೆ. "ರಾತ್ರಿ ಎಷ್ಟು ಸಲ ಏಳ್ತೀಯವ್ವ?"