ಪಕಾರವು ಹಕಾರವಾದುದೇಕೆ? – ಭಾಷಾಪರಿವರ್ತನ ಸಿದ್ಧಾಂತಗಳ ವಿಮರ್ಶೆ

ಭಾಷೆಯು ಹೇಗೆ ಬದಲಾಗುತ್ತದೆಂಬುದು ಒಂದು ಪ್ರಶ್ನೆ. ಏಕೆ ಬದಲಾಗುತ್ತದೆಂಬುದು ಮತ್ತೊಂದು. ಮೊದಲನೆಯದರ ಉತ್ತರವನ್ನೇ ಎರಡನೆಯದಕ್ಕೂ ಸಾಕೆಂದು ಭಾವಿಸುವ ವಾಡಿಕೆಯುಂಟು. ಅದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಕನ್ನಡದ ಒಂದು ಪ್ರಸಿದ್ಧ ಉದಾಹರಣೆಯಿಂದ ಪರೀಕ್ಷಿಸೋಣ.

ಹಳಗನ್ನಡದ ಪಾಲ್, ಪೂ, ಪೆಸರ್ ಎಂಬ ಶಬ್ದಗಳು ಇಂದು ಹಾಲು, ಹೂವು, ಹೆಸರು ಎಂದಾಗಿವೆ. ಪದಾದಿಯ ಈ ಹಕಾರವು ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗಿ ನಡುಗನ್ನಡದಲ್ಲಿ ವ್ಯಾಪಕವಾಯಿತು. ಉಚ್ಚಾರಣಾ ಸೌಲಭ್ಯವೇ ಇದಕ್ಕೆ ಕಾರಣವೆನ್ನುವವರಿದ್ದಾರೆ. ತುಟಿಗಳನ್ನು ಮುಚ್ಚಿ ತೆರೆಯುವ ಶ್ರಮವು ಹಕಾರಕ್ಕೆ ಬೇಕಿಲ್ಲವೆಂಬುದು ನಿಜ. ಆದರೆ ‘ಹೆಸರು’ ತಮಿಳಿನಲ್ಲಿ ‘ಪೆಯರ್’, ತೆಲುಗಿನಲ್ಲಿ ‘ಪೇರು’, ತುಳುವಿನಲ್ಲಿ ‘ಪುದರ್’ ಆಗಿಯೇ ಉಳಿದಿದೆ. ಶ್ರಮವನ್ನು ತಪ್ಪಿಸುವ ಬಯಕೆ ಕನ್ನಡಿಗರೊಬ್ಬರಿಗೇ ಮೀಸಲಾದುದಲ್ಲ. ಎಲ್ಲ ದೇಶಕಾಲಗಳಲ್ಲಿಯೂ ಇರುವ ಕಾರಣವು ಒಂದು ದೇಶದಲ್ಲಿ, ಒಂದು ಕಾಲದಲ್ಲಿ ಮಾತ್ರ ನಡೆದ ಕಾರ್ಯವನ್ನು ವಿವರಿಸಲಾರದು.

1878ರಲ್ಲಿ ಜರ್ಮನಿಯ ಓಸ್ಟ್‌ಹೋಫ್ ಮತ್ತು ಬ್ರುಗ್‌ಮನ್ ಎಂಬ ವಿದ್ವಾಂಸರು ಧ್ವನಿನಿಯಮಗಳಿಗೆ ಅಪವಾದವಿಲ್ಲವೆಂದು ಸಾರಿದರು. ಈ ಮತದಿಂದ ಲಾಭವಾಗಿರುವುದು ನಿರ್ವಿವಾದ. ‘ಹತ್ತು’ ಎನ್ನುವ ನಾವು ‘ಇಪ್ಪತ್ತು’ ಎನ್ನುವುದು ಅಪವಾದವಲ್ಲ. ಅಲ್ಲಿಯ ಪಕಾರವು ಪದಮಧ್ಯದ ದ್ವಿತ್ವವಾದುದರಿಂದ ನಿಯಮಕ್ಕೆ ಒಳಪಡದು. ಆದರೆ ‘ಪಡೆ’ ಎಂಬ ಒಂದೇ ಧಾತುವು ಹೊಂದು ಎಂಬರ್ಥದಲ್ಲಿ ಪಕಾರವನ್ನು ಉಳಿಸಿಕೊಂಡು, ಹೆರು ಎಂಬರ್ಥದಲ್ಲಿ ‘ಹಡೆ’ಯಾಗಿದೆ. ಮೊದಲನೆಯದನ್ನು ಗ್ರಂಥಭಾಷೆ ಕಾಪಾಡಿತು, ಎರಡನೆಯದು ಮನೆಮಾತಿನಲ್ಲಿ ಬೆಳೆಯಿತು ಎಂದು ಸಮಾಧಾನ ಹೇಳಬಹುದು. ಹಾಗೆ ಹೇಳಿದೊಡನೆ ನಾವು ಧ್ವನಿನಿಯಮವನ್ನು ದಾಟಿ ಸಮಾಜದ ಚರಿತ್ರೆಯನ್ನು ಪ್ರವೇಶಿಸಿದಂತಾಯಿತು.

ಈ ಮಾರ್ಗವನ್ನು ಸ್ಪಷ್ಟಗೊಳಿಸಿದವರು ಅಮೆರಿಕದ ಲೆಬೋವ್. ಮಾರ್ತಾಸ್ ವಿನ್ಯಾರ್ಡ್ ದ್ವೀಪದಲ್ಲಿ ಪ್ರವಾಸಿಗಳ ಒತ್ತಡಕ್ಕೆ ಎದುರಾಗಿ ದ್ವೀಪದ ಮೇಲಣ ಮಮತೆಯನ್ನು ಉಳಿಸಿಕೊಂಡವರಲ್ಲಿ ಕೆಲವು ಸ್ವರಗಳ ವಿಶಿಷ್ಟ ಉಚ್ಚಾರಣೆ ಹೆಚ್ಚಾಗಿತ್ತೆಂದು ಅವರು 1963ರಲ್ಲಿ ತೋರಿಸಿದರು. ಆದರೆ ಅವರೆದುರಿಗೆ ಮಾತನಾಡುವ ಜನರಿದ್ದರು, ನಮ್ಮೆದುರಿಗಿರುವುದು ಕಲ್ಲು. ಬರೆಹವು ಸಂಪ್ರದಾಯವನ್ನು ಸುಲಭವಾಗಿ ಬಿಡದು. ಆದಕಾರಣ ಶಾಸನದ ಮೊದಲ ಹಕಾರವನ್ನೇ ಮಾತಿನ ಮೊದಲ ಹಕಾರವೆಂದು ಗಣಿಸಲಾಗದು. 13ನೆಯ ಶತಮಾನದ ಕೇಶಿರಾಜನು ೞಕಾರವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಕಿವಿಯಿಂದ ತಿಳಿಯುತ್ತಿದ್ದುದಕ್ಕೆ ಪಟ್ಟಿಯ ಅವಶ್ಯಕತೆಯಿರುತ್ತಿರಲಿಲ್ಲ.

ಆದುದರಿಂದ ಹಕಾರರೂಪಗಳನ್ನು ತೇದಿ, ಸ್ಥಳ, ಗದ್ಯಪದ್ಯಭೇದ, ಬರೆಸಿದವರ ಅಂತಸ್ತು ಇವುಗಳಿಗನುಸಾರವಾಗಿ ವಿಂಗಡಿಸುವುದು ಮೊದಲ ಕೆಲಸ. ಈ ಕಾರ್ಯದಲ್ಲಿ ಭಾಷಾವಿಜ್ಞಾನದ ವಿದ್ಯಾರ್ಥಿಯೂ ಚರಿತ್ರೆಯ ವಿದ್ಯಾರ್ಥಿಯೂ ಜೊತೆಗೂಡಬೇಕೆಂದು ನಮ್ಮ ಅಭಿಪ್ರಾಯ.